ಬಾಯಿ ಕ್ಯಾನ್ಸರಿನ ಕೋಶ ತಾನಾಗಿ ಸಾಯದಿರುವುದೇಕೆ?

ಪ್ರಶ್ನೆ: ನಾಲಿಗೆ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ತಂದೆಯವರಿಗೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೊ ಔಷಧ ಕೊಡುತ್ತಿದ್ದಾರೆ. ಔಷಧದಿಂದ ಕೋಶಗಳು ‘ತಾವಾಗಿಯೇ ಸಾಯುತ್ತವೆ’ ಎಂದರು ವೈದ್ಯರು. ಹಾಗೆಂದರೇನು? ಒಂದು ಸಸ್ಯಸಾರವೂ ಇದನ್ನೇ ಮಾಡುತ್ತದೆ ಎಂದು ಓದಿದೆವು. ಅದನ್ನೂ ಕೊಡಬಹುದೇ?

ಉತ್ತರ: ಪ್ರತಿ ಕೋಶದೊಳಗೂ ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಔಷಧ ಅದನ್ನು ಚಾಲೂ ಮಾಡುತ್ತದೆ. ಇದೇ ಅಪೊಪ್ಟೋಸಿಸ್. ಎಲೆ ಉದುರುವುದನ್ನು ಸೂಚಿಸುವ ಈ ಗ್ರೀಕ್ ಹೆಸರನ್ನು 1972ರಲ್ಲಿ ಕೆರ್, ವೈಲಿ ಮತ್ತು ಕರಿ ಬಳಕೆಗೆ ತಂದರು. ಪೆಟ್ಟು ತಿಂದು ಸಾಯುವ ಕೋಶ ಊದಿ ಒಡೆದು ಸುತ್ತಲೂ ಉರಿಯೂತ ಎಬ್ಬಿಸುತ್ತದೆ. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗುತ್ತದೆ, ಡಿಎನ್‌ಎ ಸುಮಾರು 180 ಬೇಸ್ ಜೋಡಿಗಳ ಅಥವಾ ಅದರ ಗುಣಕಗಳ ಉದ್ದಕ್ಕೆ ತುಂಡಾಗುತ್ತದೆ, ಪೊರೆಯ ಒಳಮೈಯಲ್ಲಿರುವ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬು ಹೊರಮೈಗೆ ಬರುತ್ತದೆ. ಭಕ್ಷಕ ಕೋಶಗಳಿಗೆ ಅದೇ ಗುರುತು, ಬಂದು ನುಂಗಿಬಿಡುತ್ತವೆ.

ಸಾವಿನ ಆದೇಶ ಹೊರಗಿನಿಂದಲೂ ಬರಬಹುದು: ರೋಗನಿರೋಧಕ ಕೋಶ ಫ್ಯಾಸ್ ಎಂಬ ಗ್ರಾಹಕವನ್ನು ಮುಟ್ಟಿದರೆ ಕ್ಯಾಸ್ಪೇಸ್-8 ಎಂಬ, ಪ್ರೊಟೀನು ಕತ್ತರಿಸುವ ಕಿಣ್ವ ಎಚ್ಚರಗೊಳ್ಳುತ್ತದೆ. ಸಿಸ್‌ಪ್ಲಾಟಿನ್ ಹಿಡಿಯುವುದು ಮುಖ್ಯವಾಗಿ ಒಳದಾರಿಯನ್ನು. ಅದು ಡಿಎನ್‌ಎಯಲ್ಲಿ ಅಕ್ಕಪಕ್ಕದ ಗ್ವಾನೀನ್ ಎಂಬ ಘಟಕಗಳನ್ನು ಬೆಸೆದುಬಿಡುತ್ತದೆ. ಹಾನಿ ರಿಪೇರಿಗೆ ಮೀರಿದರೆ ಪಿ53 ಪ್ರೊಟೀನು ಪ್ಯೂಮಾ, ನಾಕ್ಸಾ ಎಂಬ ಪ್ರೊಟೀನುಗಳ ತಯಾರಿಕೆ ಹೆಚ್ಚಿಸುತ್ತದೆ. ಅವು ಸಾವನ್ನು ತಡೆಯುವ ಬಿಸಿಎಲ್-2 ಗುಂಪಿನ ಪ್ರೊಟೀನುಗಳನ್ನು ಕಟ್ಟಿಹಾಕುತ್ತವೆ. ಆಗ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೊಟೀನುಗಳು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಮಾಡುತ್ತವೆ. ಅಲ್ಲಿಂದ ಸೋರಿದ ಸೈಟೊಕ್ರೋಮ್ ಸಿ ಎಂಬ ಪ್ರೊಟೀನಿನ ಜೊತೆ ಎಪಾಫ್-1 ಎಂಬ ಇನ್ನೊಂದು ಪ್ರೊಟೀನಿನ ಏಳು ಅಣುಗಳು ಏಳು ಕಡ್ಡಿಗಳ ಚಕ್ರದಂತೆ ಕೂಡಿಕೊಳ್ಳುತ್ತವೆ. ಆ ಚಕ್ರದ ಮೇಲೆ ಕ್ಯಾಸ್ಪೇಸ್-9 ಎಚ್ಚೆತ್ತು ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. ಕೋಶವನ್ನು ಒಳಗಿನಿಂದ ಕತ್ತರಿಸುವುದು ಮುಖ್ಯವಾಗಿ ಇದೇ.

ಬಾಯಿ ಕ್ಯಾನ್ಸರಿನಲ್ಲಿ ಈ ಯಂತ್ರ ಕಳೆದುಹೋಗಿರುವುದಿಲ್ಲ, ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ. ಹೆಚ್ಚಿನ ಗಡ್ಡೆಗಳಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ಕೆಲವು ಗಡ್ಡೆಗಳಲ್ಲಿ ಕೆಡುವುದು ಕ್ಯಾಸ್ಪೇಸ್-8ರ ಜೀನ್. ಗಂಟಲ ಭಾಗದ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸಂಬಂಧಿತ ಕ್ಯಾನ್ಸರಿನಲ್ಲಿ ಪಿ53 ಜೀನ್ ಸಾಮಾನ್ಯವಾಗಿ ಸರಿಯಿದ್ದರೂ ವೈರಸ್ಸಿನ ಇ6 ಪ್ರೊಟೀನು ಪಿ53 ಅನ್ನು ನಾಶ ಮಾಡಿಸುತ್ತದೆ. ಎಕ್ಸ್ಐಎಪಿ ಎಂಬ ಪ್ರೊಟೀನು ಕ್ಯಾಸ್ಪೇಸ್‌ಗಳನ್ನೇ ಅದುಮಿಡುವುದೂ ಉಂಟು. ಪಿ53 ಇಲ್ಲದ ಕೋಶಕ್ಕೂ ಚಿಕಿತ್ಸೆ ತಟ್ಟುತ್ತದೆ: ವಿಕಿರಣದಿಂದ ವರ್ಣತಂತುಗಳು ಮುರಿದಿರುವಾಗ ವಿಭಜನೆಗೆ ಹೊರಟು ಅದು ಅರ್ಧದಲ್ಲೇ ಸಾಯಬಹುದು. ಬಾಯಿಯ ಆರೋಗ್ಯವಂತ ಒಳಪದರದಲ್ಲಿ ವಿಭಜನೆಯಾಗುವ ಕೋಶಗಳೂ ಸಾಯುವುದರಿಂದಲೇ ಎರಡು–ಮೂರನೆಯ ವಾರದಲ್ಲಿ ಬಾಯಿಹುಣ್ಣು ಏಳುತ್ತದೆ.

ಇನ್ನು ಸಸ್ಯಸಾರ. ಅದನ್ನು ಕೊಡಬೇಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಗಂಟೆಗಟ್ಟಲೆ ಸಾರದಲ್ಲೇ ಮುಳುಗಿರುತ್ತವೆ. ನುಂಗಿದ ಸಾರ ಕರುಳು, ಯಕೃತ್ತು ದಾಟಿ ಅಷ್ಟೇ ಪ್ರಮಾಣದಲ್ಲಿ ಗಡ್ಡೆಯನ್ನು ಮುಟ್ಟುವುದು ಅಪರೂಪ. ಎಕ್ಸ್ಐಎಪಿಯ ಹಿಡಿತ ಸಡಿಲಿಸಲೆಂದೇ ರೂಪಿಸಿದ ಜೆವಿನಾಪಂಟ್ ಎಂಬ ಔಷಧವನ್ನು ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಕೀಮೊ-ವಿಕಿರಣದ ಜೊತೆ ಕೊಟ್ಟು ನೋಡಿದ ಮೂರನೇ ಹಂತದ ಪ್ರಯೋಗವೇ 2024ರಲ್ಲಿ ಪ್ರಯೋಜನ ಕಾಣದೆ ನಿಂತಿತು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಮೊದಲೇ ಭಾರ, ಸಾರ ಅದನ್ನು ಹೆಚ್ಚಿಸಬಹುದು. ಈಗಾಗಲೇ ಕೊಟ್ಟಿದ್ದರೆ ಮುಂದಿನ ಡೋಸಿಗೆ ಮೊದಲು ಅದರ ಹೆಸರು, ಪ್ರಮಾಣ, ಎಷ್ಟು ದಿನ ಕೊಟ್ಟಿರಿ ಎಂಬುದನ್ನು ವೈದ್ಯರಿಗೆ ತಿಳಿಸಿ, ಬಾಟಲಿಯನ್ನೂ ಒಯ್ಯಿರಿ.