ಜೋಡಿ ತಪ್ಪಿದರೆ ಮಾತು ಕೆಡುತ್ತದೆ: ಕಚೇರಿ ಇಂಟರ್‌ಕಾಮ್ ವೈರಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕಚೇರಿಯಲ್ಲಿ 12 ಮೇಜುಗಳಿವೆ, ಹೊರಗಿನ ಲೈನು ಎರಡು. ಎಷ್ಟರ ಇಪಿಎಬಿಎಕ್ಸ್ (ಕಚೇರಿಯ ಫೋನುಗಳನ್ನು ತಮ್ಮೊಳಗೂ ಹೊರಗಿನ ಲೈನಿಗೂ ಜೋಡಿಸುವ ಯಂತ್ರ) ಬೇಕು? ಕೇಬಲ್, ಬಾಕ್ಸು ಸೇರಿ ಏನೇನು ತರಿಸಬೇಕು?

ಉತ್ತರ: 12 ಮೇಜಿಗೆ 12 ಎಕ್ಸ್‌ಟೆನ್ಷನ್ (ಒಳಗಿನ ಫೋನಿನ ಸಂಪರ್ಕ) ಎಂದು ಲೆಕ್ಕ ಹಾಕಿದರೆ ಬಾಗಿಲ ಬಳಿಯ ಫೋನು, ಸಭಾಕೊಠಡಿಯ ಫೋನು, ಫ್ಯಾಕ್ಸು ನೆನಪಾಗುವ ಹೊತ್ತಿಗೆ ಯಂತ್ರದಲ್ಲಿ ಜಾಗ ಇರುವುದಿಲ್ಲ. 4 ಲೈನು, 16 ಎಕ್ಸ್‌ಟೆನ್ಷನ್‌ನದ್ದು ನಿಮಗೆ ಸರಿಹೋಗುತ್ತದೆ.

ಯಂತ್ರಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅದರ ಪಕ್ಕದ ಕ್ರೋನ್ ಬಾಕ್ಸಿಗೆ, ಅಂದರೆ ಎಲ್ಲ ತಂತಿಗಳನ್ನು ಒತ್ತಿ ಕೂರಿಸುವ ಪೆಟ್ಟಿಗೆಗೆ. ಗೋಡೆಯೊಳಗಿಂದ ಬಂದ ಕೇಬಲನ್ನು ನೇರವಾಗಿ ಯಂತ್ರದ ಕಾರ್ಡಿಗೆ ಸಿಕ್ಕಿಸಲೇಬೇಡಿ. ಯಂತ್ರದ 16 ಎಕ್ಸ್‌ಟೆನ್ಷನ್, 4 ಲೈನು ಸೇರಿ, ಒಂದೊಂದಕ್ಕೂ ಎರಡು ತಂತಿಯ ಒಂದು ಜೋಡಿಯಂತೆ, 20 ಜೋಡಿ; ಅದಕ್ಕೆ 10 ಜೋಡಿಯ ಎರಡು ಮಾಡ್ಯೂಲು (ತಂತಿ ಒತ್ತುವ ಪಟ್ಟಿ). ಪ್ರತಿ ಮೇಜಿಗೂ 2 ಜೋಡಿಯ ಕೇಬಲ್ ಎಳೆದರೆ 24 ಜೋಡಿ. ಅದಕ್ಕೆ ಮೂರು ಮಾಡ್ಯೂಲು, ಉಳಿದ 6 ಜೋಡಿಯ ಜಾಗದಲ್ಲಿ ಹೊರಗಿನ ಲೈನುಗಳು ಕೂರುತ್ತವೆ. ಒಟ್ಟು ಐದಾಯಿತು, ಆರನೆಯದಕ್ಕೆ ಜಾಗ ಬಿಟ್ಟಿರುವ ಬಾಕ್ಸು ತನ್ನಿ. ಯಂತ್ರದ ಬದಿ, ಮೇಜಿನ ಬದಿ ಎರಡನ್ನೂ ಜಂಪರ್ ಎಂಬ ಗಿಡ್ಡ ವೈರಿನಿಂದ ಜೋಡಿಸಿದರೆ, ಯಾರಾದರೂ ಮೇಜು ಬದಲಿಸಿದಾಗ ಗೋಡೆ ಮುಟ್ಟುವ ಕೆಲಸವಿಲ್ಲ. ಒಂದು ಜಂಪರ್ ಬದಲಿಸಿದರೆ ಮುಗಿಯಿತು.

ಪ್ರತಿ ಮೇಜಿಗೂ ಬಾಕ್ಸಿನಿಂದಲೇ ಪ್ರತ್ಯೇಕ ಕೇಬಲ್ ಹೋಗಬೇಕು. ಒಂದು ಮೇಜಿನಿಂದ ಮುಂದಿನ ಮೇಜಿಗೆ ಸರಪಳಿಯಂತೆ ಎಳೆದರೆ ನಡುವೆ ಒಂದು ಕಡೆ ಸಡಿಲವಾದಾಗ ಅಲ್ಲಿಂದ ಮುಂದಿನವೆಲ್ಲ ಮೂಕವಾಗುತ್ತವೆ. ತಂತಿ 0.5 ಮಿ.ಮೀ. ವ್ಯಾಸದ ಗಟ್ಟಿ ತಾಮ್ರದ್ದಾಗಿರಲಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಕ್ರೋನ್‌ನಲ್ಲಿ ಒತ್ತಿದ ಜಾಗದಲ್ಲಿ ಅದು ತುಂಡಾಗಬಲ್ಲದು. ಇನ್ನೂ ದಪ್ಪದ ತಂತಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. 0.5 ಮಿ.ಮೀ. ತಾಮ್ರದ ಜೋಡಿ 100 ಮೀಟರ್ ಹೋಗಿ ಬಂದರೂ ರೋಧ ಸುಮಾರು 18 ಓಮ್ ಮಾತ್ರ. ಫೋನು ಕೆಡುವುದು ಹೆಚ್ಚಾಗಿ ಕೀಲುಗಳಲ್ಲಿ, ತಂತಿಯಲ್ಲಲ್ಲ. ಅಳತೆ ತೆಗೆಯುವಾಗ ಗೋಡೆಯ ಗುಂಟ ಟೇಪು ಹಿಡಿಯಿರಿ; ಬಾಕ್ಸಿನ ಬಳಿ 1 ಮೀಟರ್, ಮೇಜಿನ ಬಳಿ 30 ಸೆಂ.ಮೀ. ಹೆಚ್ಚುವರಿ ಬಿಡಿ.

ಪ್ರಶ್ನೆ: ಕರೆಂಟಿನ ಪೈಪಿನಲ್ಲಿ ಜಾಗವಿದೆ, ಟೆಲಿಫೋನ್ ಕೇಬಲನ್ನೂ ಅದರಲ್ಲೇ ಎಳೆದುಬಿಡೋಣ ಎನ್ನುತ್ತಾರೆ ವೈರಿಂಗ್‌ನವರು. ಒಪ್ಪಬಹುದೇ?

ಉತ್ತರ: ಖಂಡಿತ ಒಪ್ಪಬೇಡಿ. ಟೆಲಿಫೋನ್ ಕೇಬಲಿನ ಹೊದಿಕೆಯನ್ನು ಮೇನ್ಸ್ ವಿದ್ಯುತ್ತನ್ನು ತಡೆಯಲೆಂದು ಮಾಡಿರುವುದಿಲ್ಲ. ಎಳೆಯುವಾಗ ಎರಡು ತಂತಿಗಳ ಹೊದಿಕೆ ಒಂದೇ ಕಡೆ ತರಚಿದರೆ ಮೇನ್ಸ್ ವಿದ್ಯುತ್ತು ರಿಸೀವರ್ ಹಿಡಿದವರ ಕಿವಿಯವರೆಗೆ ಬರಬಹುದು. ತರಚದಿದ್ದರೂ ಗುಂಯ್ ಎನ್ನುವ ಸದ್ದು ತಪ್ಪುವುದಿಲ್ಲ. ಪ್ರತ್ಯೇಕ ಪೈಪು ಹಾಕಿಸಿ, ಸಮಾನಾಂತರವಾಗಿ ಸಾಗುವಲ್ಲಿ 30 ಸೆಂ.ಮೀ. ಅಂತರವಿರಲಿ, ದಾಟಲೇಬೇಕಾದಲ್ಲಿ ನೇರ ಅಡ್ಡಕ್ಕೆ ದಾಟಲಿ. ಯುಪಿಎಸ್ಸು, ಲಿಫ್ಟಿನ ಮೋಟಾರು, ಟ್ಯೂಬ್‌ಲೈಟಿನ ಚೋಕು ಇವುಗಳಿಂದಲೂ ದೂರವಿಡಿ. ಫಾಲ್ಸ್ ಸೀಲಿಂಗಿನ ಮೇಲೆ ಕೇಬಲ್ ಎಸೆದು ಬರುವ ಅಭ್ಯಾಸವೂ ಒಳ್ಳೆಯದಲ್ಲ. ಅದು ಕೊನೆಗೆ ಹೋಗಿ ಒರಗುವುದು ದೀಪದ ಬಿಸಿ ಫಿಟಿಂಗಿನ ಮೇಲೆಯೇ.

ಪ್ರಶ್ನೆ: ಟೆಲಿಫೋನ್ ಲೈನಿನಲ್ಲಿ ಇರುವುದು 48 ವೋಲ್ಟ್ ತಾನೆ? ಲೈನು ಬಿಚ್ಚದೆ ಕೆಲಸ ಮಾಡಿದರೆ ಏನಾಗುತ್ತದೆ?

ಉತ್ತರ: ಫೋನು ಸುಮ್ಮನೆ ಕೂತಿರುವಾಗ ಸುಮಾರು 48 ವೋಲ್ಟ್ ಡಿಸಿ, ನಿಜ. ಆದರೆ ಕರೆ ಬಂದಾಗ ಅದರ ಮೇಲೆ 75ರಿಂದ 90 ವೋಲ್ಟಿನ ಎಸಿ ರಿಂಗು ಬರುತ್ತದೆ. ಸ್ಕ್ರೂಡ್ರೈವರ್ ಹಿಡಿದವರಿಗೆ ಅದು ಚೆನ್ನಾಗಿಯೇ ಜುಮ್ಮೆನ್ನಿಸುತ್ತದೆ. ಏಣಿಯ ಮೇಲಿದ್ದರೆ ಶಾಕಿಗಿಂತ ಬೀಳುವುದೇ ಹೆಚ್ಚು ಅಪಾಯ. ಆದ್ದರಿಂದ ಹೊರಗಿನ ಲೈನನ್ನು ಮೊದಲು ಬಿಚ್ಚಿ, ಯಂತ್ರದ ಪ್ಲಗ್ ಕಿತ್ತು ಬ್ಯಾಟರಿಯನ್ನೂ ತೆಗೆದ ಮೇಲೆಯೇ ಕೈ ಹಾಕಿ. ಗುಡುಗು ಮಿಂಚು ಇರುವಾಗ ಮುಟ್ಟಲೇಬಾರದು. ಹಳೆಯ, ಗೊತ್ತಿಲ್ಲದ ವೈರಿಂಗ್ ಆದರೆ ಪ್ರತಿ ತಂತಿಗೂ ಅರ್ಥಿಗೂ (ಭೂಸಂಪರ್ಕಕ್ಕೂ) ನಡುವೆ ಎಸಿ ಅಳೆಯಿರಿ. ರಿಂಗಿಲ್ಲದಾಗಲೂ ಮೇನ್ಸಿನಷ್ಟು ವೋಲ್ಟೇಜ್ ತೋರಿದರೆ ಎಲ್ಲೋ ಕರೆಂಟಿನ ತಂತಿ ತಗುಲಿದೆ ಎಂದೇ ತಿಳಿದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಪ್ರಶ್ನೆ: 203ನೇ ಫೋನಿನಲ್ಲಿ ಮಾತಾಡಿದ್ದು 204ರಲ್ಲಿ ಸಣ್ಣಗೆ ಕೇಳಿಸುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದೆವು, ನಾಲ್ಕೂ ತಂತಿ ಸರಿಯಾಗಿವೆ, ಶಾರ್ಟ್ ಇಲ್ಲ. ಯಂತ್ರವೇ ಕೆಟ್ಟಿದೆಯೇ?

ಉತ್ತರ: ಯಂತ್ರವನ್ನು ದೂರುವ ಮೊದಲು ಜೋಡಿಗಳನ್ನು ನೋಡಿ. ನೀವು ಹೇಳಿದ ಲಕ್ಷಣ ಜೋಡಿ ಅದಲುಬದಲಾದದ್ದರದ್ದು. ಇದು ಮಲ್ಟಿಮೀಟರಿಗೆ ಸಿಗುವ ತಪ್ಪಲ್ಲ.

ಕೇಬಲಿನೊಳಗೆ ಎರಡೆರಡು ತಂತಿಗಳನ್ನು ಹೆಣೆದಿರುವುದಕ್ಕೆ ಕಾರಣವಿದೆ. ಹೊರಗಿನ ಸದ್ದು ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ, ಫೋನು ಎರಡರ ವ್ಯತ್ಯಾಸವನ್ನಷ್ಟೇ ಕೇಳಿಸಿಕೊಳ್ಳುವುದರಿಂದ ಅದು ಕಳೆದುಹೋಗುತ್ತದೆ. ಈಗ ನೀಲಿ ಜೋಡಿಯ ಬಿಳಿ ತಂತಿಯನ್ನು ಕಿತ್ತಳೆ ಜೋಡಿಯ ಬಿಳಿಯೊಂದಿಗೆ ಬದಲಿಸಿದಿರಿ ಎನ್ನಿ. ಎರಡೂ ತುದಿಯಲ್ಲಿ ಒಂದೇ ರೀತಿ ತಪ್ಪಿದ್ದರೆ ಪ್ರತಿ ತಂತಿಯೂ ತಲುಪಬೇಕಾದಲ್ಲಿಗೇ ತಲುಪುತ್ತದೆ, ಮೀಟರು ಕೀಂ ಎನ್ನುತ್ತದೆ. ಆದರೆ 203ರ ಒಂದು ತಂತಿ 204ರ ತಂತಿಯ ಜೊತೆ ಹೆಣೆದುಕೊಂಡು ಇಡೀ ದಾರಿ ಸಾಗುತ್ತದೆ. ಮಾತು ಸೋರದೆ ಇನ್ನೇನಾದೀತು?

ತಪ್ಪು ಹುಟ್ಟುವುದು ಸಾಮಾನ್ಯವಾಗಿ ಹೀಗೆ: ಅಗ್ಗದ ಕೇಬಲಿನಲ್ಲಿ ಬಿಳಿ ತಂತಿಗಳ ಮೇಲೆ ಬಣ್ಣದ ಗೆರೆ ಇರುವುದಿಲ್ಲ. ಹೊರಕವಚ ಸುಲಿದು ಜೋಡಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿಟ್ಟರೆ ಯಾವ ಬಿಳಿ ಯಾರದ್ದೆಂದು ಹೇಳುವವರಿಲ್ಲ. ಒಂದು ಜೋಡಿ ಬಿಚ್ಚಿ, ಅದನ್ನು ಕ್ರೋನ್‌ನಲ್ಲಿ ಒತ್ತಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಹೆಣಿಗೆಯನ್ನು ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ. ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು; ಮೊದಲ ಐದು ಜೋಡಿಗೆ ಸಂಗಾತಿ ಬಿಳಿ, ಮುಂದಿನ ಐದಕ್ಕೆ ಕೆಂಪು.

ಈಗಾಗಲೇ ಹಾಕಿದ್ದರಲ್ಲಿ ಪತ್ತೆ ಮಾಡಲು ಕೆಪ್ಯಾಸಿಟೆನ್ಸ್ (ಎರಡು ತಂತಿಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳೆಯುವ ಮೀಟರು ಇದ್ದರೆ ಸಾಕು. ಎರಡೂ ತುದಿ ಬಿಚ್ಚಿ ನೀಲಿ ತಂತಿಗೂ ಎರಡು ಬಿಳಿ ತಂತಿಗಳಿಗೂ ನಡುವೆ ಒಂದೊಂದಾಗಿ ಅಳೆಯಿರಿ. ಜೊತೆಗೇ ಹೆಣೆದಿರುವ ಬಿಳಿಯಲ್ಲಿ ಬೆಲೆ ಹೆಚ್ಚು ಬರುತ್ತದೆ. ಅದನ್ನೇ ನಿಜವಾದ ಜೋಡಿಯೆಂದು ಎರಡೂ ತುದಿಯಲ್ಲಿ ಮರಳಿ ಒತ್ತಿ.

ಪ್ರಶ್ನೆ: ಮಳೆ ಬಂದರೆ ಒಂದು ಫೋನಿನಲ್ಲಿ ಗುಂಯ್ ಸದ್ದು. ಇನ್ನೊಂದರಲ್ಲಿ ಒಂದೇ ರಿಂಗಾಗಿ ಕಟ್ ಆಗುತ್ತದೆ, ಎತ್ತಿದರೆ ಯಾರೂ ಇಲ್ಲ.

ಉತ್ತರ: ಎರಡಕ್ಕೂ ಮೂಲ ತೇವ, ದಾರಿ ಮಾತ್ರ ಬೇರೆ. ಒಂದು ತಂತಿ ಮಾತ್ರ ಗೋಡೆಯ ಒದ್ದೆಗೆ ತಗುಲಿ ಅರ್ಥಾದಾಗ ಎರಡು ತಂತಿಗಳ ಸಮತೋಲ ತಪ್ಪಿ ಗುಂಯ್ ಎನ್ನುತ್ತದೆ. ಎರಡು ತಂತಿಗಳ ನಡುವೆಯೇ ಸೋರಿಕೆಯಾದರೆ ರಿಂಗಾಗುವಾಗ ಡಿಸಿ ಹರಿಯುತ್ತದೆ. ಯಂತ್ರವು ಯಾರೋ ರಿಸೀವರ್ ಎತ್ತಿದರು ಎಂದು ತಿಳಿದು ರಿಂಗು ನಿಲ್ಲಿಸುತ್ತದೆ.

ಬಾಕ್ಸಿನಲ್ಲಿ ಜಂಪರ್ ತೆಗೆದು, ಮೇಜಿನ ಬಳಿ ಫೋನನ್ನೂ ಕಿತ್ತು, ತಂತಿ-ತಂತಿ ಹಾಗೂ ಪ್ರತಿ ತಂತಿ-ಅರ್ಥಿನ ನಡುವೆ ರೋಧ ಅಳೆಯಿರಿ. ಮೆಗಾಓಮ್‌ಗಳಲ್ಲಿ ಬರಬೇಕು, ಕಿಲೋಓಮ್‌ಗಳಿಗೆ ಇಳಿದಿದ್ದರೆ ಆ ಕೇಬಲೇ ಅಪರಾಧಿ. 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಹೊದಿಕೆಯ ರೋಧ ಅಳೆಯುವ ಮೀಟರು) ಬಳಸುವವರು ಎರಡೂ ತುದಿ ಬಿಚ್ಚಿದ್ದನ್ನು ಎರಡು ಸಲ ನೋಡಿಕೊಳ್ಳಲಿ, ಇಲ್ಲದಿದ್ದರೆ ಯಂತ್ರದ ಕಾರ್ಡೇ ಹೋಗುತ್ತದೆ. ಹುಡುಕಬೇಕಾದ ಜಾಗ: ಹೊರಗೋಡೆಯ ರೊಸೆಟ್ ಬಾಕ್ಸು (ಫೋನಿನ ತಂತಿ ಸೇರುವ ಚಿಕ್ಕ ಡಬ್ಬಿ), ತಿರುಚಿ ಟೇಪು ಸುತ್ತಿದ ಕೀಲು. ಟೇಪಿನ ಕೀಲನ್ನು ಕತ್ತರಿಸಿ ಜೆಲ್ ತುಂಬಿದ ಕನೆಕ್ಟರ್ ಹಾಕಿ.

ಪ್ರಶ್ನೆ: ಸಿಡಿಲಿನಿಂದ ಯಂತ್ರ ಸುಟ್ಟಿತು. ಪ್ರೊಟೆಕ್ಟರ್ ಹಾಕಿಸಿದ್ದೆವು. ಮತ್ತೆ ಯಾಕೆ?

ಉತ್ತರ: ಬಾಕ್ಸು ತೆರೆದು ನೋಡಿ: ಕ್ರೋನ್ ಕೂತಿರುವ ಲೋಹದ ಪಟ್ಟಿಗೆ ಅರ್ಥಿನ ತಂತಿ ಕಟ್ಟಿದ್ದಾರೆಯೇ? ಗ್ಯಾಸ್ ಟ್ಯೂಬ್ ಪ್ರೊಟೆಕ್ಟರನ್ನು (ಮಿತಿಮೀರಿದ ವೋಲ್ಟೇಜನ್ನು ಅರ್ಥಿಗೆ ಹರಿಸುವ ಬಿಡಿಭಾಗ) ಸಿಕ್ಕಿಸಿ ಅರ್ಥಿಂಗ್ ಮರೆಯುವುದು ತೀರ ಸಾಮಾನ್ಯ. ಮಿಂಚಿನ ಹೊಡೆತ ಹೋಗಲು ದಾರಿಯೇ ಇಲ್ಲದ ಮೇಲೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಆ ಪಟ್ಟಿಯಿಂದ ಅರ್ಥಿಗೆ ಹಸಿರು ಹೊದಿಕೆಯ ದಪ್ಪ ತಾಮ್ರದ ತಂತಿ ಆದಷ್ಟು ಗಿಡ್ಡಕ್ಕೆ, ಸುರುಳಿ ಸುತ್ತದೆ ಹೋಗಬೇಕು. ನ್ಯೂಟ್ರಲ್ಲಿಗೆ, ನೀರಿನ ನಲ್ಲಿಗೆ ಕಟ್ಟುವುದು ಅರ್ಥಿಂಗ್ ಅಲ್ಲ. ಟೆಲಿಫೋನಿಗೆಂದೇ ಇನ್ನೊಂದು ರಾಡು ನೆಟ್ಟಿದ್ದರೆ ಅದನ್ನು ಕಟ್ಟಡದ ಮುಖ್ಯ ಅರ್ಥಿಗೆ ಸೇರಿಸಿ. ಬೇರೆ ಬೇರೆ ಬಿಟ್ಟರೆ ಸಿಡಿಲು ಬಿದ್ದ ಕ್ಷಣದಲ್ಲಿ ಎರಡರ ನಡುವೆ ಸಾವಿರಾರು ವೋಲ್ಟು ನಿಲ್ಲಬಹುದು, ಅದನ್ನು ಹೊರುವುದು ನಿಮ್ಮ ಯಂತ್ರ. ಎರಡು ಕಟ್ಟಡಗಳ ನಡುವೆ ಕೇಬಲ್ ಹೋಗಿದ್ದರೆ ಎರಡೂ ತುದಿಗೆ ಪ್ರೊಟೆಕ್ಟರ್ ಬೇಕು. ಸಾಧ್ಯವಾದರೆ ಅಲ್ಲಿ ಫೈಬರ್ ಹಾಕುವುದೇ ವಾಸಿ.

ಪ್ರಶ್ನೆ: ಈಗ ಲೈನು ಫೈಬರ್ ಪೆಟ್ಟಿಗೆಯಿಂದ ಬರುತ್ತದೆ. ಅದನ್ನು ಇಪಿಎಬಿಎಕ್ಸಿಗೆ ಹೇಗೆ ಕೊಡುವುದು?

ಉತ್ತರ: ಪೆಟ್ಟಿಗೆಯ ಫೋನ್ ಪೋರ್ಟಿನಿಂದ ಯಂತ್ರದ ಹೊರಲೈನಿನ ಪೋರ್ಟಿಗೆ. ಅಪ್ಪಿತಪ್ಪಿಯೂ ಎಕ್ಸ್‌ಟೆನ್ಷನ್ ಪೋರ್ಟಿಗೆ ಕೊಡಬೇಡಿ: ಎರಡೂ ಕಡೆಯಿಂದ ವೋಲ್ಟೇಜ್ ಬಂದು ಕಾರ್ಡು ಸುಡಬಹುದು. ಆರ್‌ಜೆ-11 (ಫೋನಿನ) ಪ್ಲಗ್ಗನ್ನು ಆರ್‌ಜೆ-45 (ನೆಟ್‌ವರ್ಕಿನ ಅಗಲ) ಸಾಕೆಟ್ಟಿಗೆ ತುರುಕುವ ಅಭ್ಯಾಸವೂ ಬೇಡ, ಅಂಚಿನ 1 ಮತ್ತು 8ನೇ ಪಿನ್ನು ಬಾಗುತ್ತವೆ.

ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿದ್ದುದರಿಂದ ವಿದ್ಯುತ್ ಹೋದಾಗ ಯಂತ್ರವು ಲೈನನ್ನು ನೇರವಾಗಿ ಒಂದು ಎಕ್ಸ್‌ಟೆನ್ಷನ್‌ಗೆ ಬಿಟ್ಟುಕೊಡುತ್ತಿತ್ತು. ಫೈಬರ್ ಪೆಟ್ಟಿಗೆಯೇ ಆರಿದರೆ ಆ ಸೌಲಭ್ಯ ಇದ್ದೂ ಉಪಯೋಗವಿಲ್ಲ. ಪೆಟ್ಟಿಗೆ, ಯಂತ್ರ ಎರಡನ್ನೂ ಒಂದೇ ಯುಪಿಎಸ್ಸಿಗೆ ಕೊಡಿ. ತುರ್ತು ಸೇವೆಯ ಸಂಖ್ಯೆಗೆ ಮೊದಲು 0 ಒತ್ತುವ ಅಗತ್ಯ ಬೀಳದಂತೆ ಪ್ರೋಗ್ರಾಂ ಮಾಡಿಸಿ. ಗಾಬರಿಯಲ್ಲಿರುವವರಿಗೆ ಹೊರಲೈನಿನ ನಿಯಮ ನೆನಪಿರುವುದಿಲ್ಲ.

ಪ್ರಶ್ನೆ: ಯಂತ್ರದ ಪಾಸ್‌ವರ್ಡ್ ಬದಲಿಸುವುದು ಅಷ್ಟು ಮುಖ್ಯವೇ?

ಉತ್ತರ: ಮುಖ್ಯ. ಕಾರ್ಖಾನೆಯಿಂದ ಬಂದ ಸಂಖ್ಯೆ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಹೊರಗಿನಿಂದ ಕರೆ ಮಾಡಿ ಯಂತ್ರದ ಮೂಲಕ ಮತ್ತೆ ಹೊರಗೆ ಡಯಲ್ ಮಾಡುವ ಸೌಲಭ್ಯ ತೆರೆದಿದ್ದರೆ, ಅದನ್ನು ತಿಳಿದ ಅಪರಿಚಿತರ ವಿದೇಶಿ ಕರೆಗಳ ಬಿಲ್ಲು ನಿಮಗೆ ಬರುತ್ತದೆ. ಬಳಸದಿದ್ದರೆ ಆ ಸೌಲಭ್ಯವನ್ನು ಮುಚ್ಚಿಸಿ. ಹೊಸ ಪಾಸ್‌ವರ್ಡನ್ನು ಕ್ರೋನ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಬೇಡಿ; ಅಲ್ಲಿ ಇರಬೇಕಾದದ್ದು ಯಾವ ಜೋಡಿ ಯಾವ ಮೇಜಿಗೆ ಎಂಬ ಪಟ್ಟಿ.