ಓದುಗರ ಪ್ರಶ್ನೆ: ಫ್ರಾನ್ಸ್‌ನ ಸಣ್ಣ ಊರಲ್ಲಿ ಸಸ್ಯಾಹಾರಿ ಊಟ

ಪ್ರಶ್ನೆ: ಮುಂದಿನ ಬೇಸಿಗೇಲಿ ಫ್ರಾನ್ಸ್‌ಗೆ ಹೋಗ್ತಿದೀವಿ. ನಾವು ಸಸ್ಯಾಹಾರಿಗಳು. ಸಣ್ಣ ಊರಿನ ದೊಡ್ಡ ರೆಸ್ಟೋರೆಂಟಲ್ಲಿ ಒಂದ್ಸಲ ಊಟ ಮಾಡ್ಬೇಕು ಅಂತ ಆಸೆ, ಸಾಧ್ಯಾನಾ ಸರ್?

ಉತ್ತರ: ಖಂಡಿತ ಸಾಧ್ಯ. ನನ್ ಕೇಳಿದ್ರೆ ಪ್ಯಾರಿಸ್‌ಗಿಂತ ಸಣ್ಣ ಊರೇ ಮೇಲು. ಆವೇರೋನ್ ಜಿಲ್ಲೆಯ ಲಾಯೋಲ್ ನೋಡಿ, ಚಾಕು ಮತ್ತೆ ಚೀಸ್‌ಗೆ ಹೆಸರಾದ ಪುಟ್ಟ ಊರು, ಅಲ್ಲಿ ಮಿಶೆಲ್ ಬ್ರಾ ಅನ್ನೋ ಬಾಣಸಿಗರು ಹತ್ತಾರು ಬಗೆ ಎಳೆ ತರಕಾರಿ, ಸೊಪ್ಪು, ಹೂವು ಸೇರ್ಸಿ ಗಾರ್ಗೂಯು ಅನ್ನೋ ತಿನಿಸು ಮಾಡಿ ತರಕಾರೀನ ಊಟದ ನಡುಮಧ್ಯಕ್ಕೇ ತಂದ್ರು, 1999ರಲ್ಲಿ ಅವರ ರೆಸ್ಟೋರೆಂಟ್‌ಗೆ, ಹೋಟೆಲ್‌ಗಳಿಗೆ ದರ್ಜೆ ಕೊಡೋ ಮಿಶೆಲಿನ್ ಗೈಡ್‌ನ ಮೂರು ಸ್ಟಾರೂ, ಅಂದ್ರೆ ಅತಿ ಮೇಲಿನ ದರ್ಜೆ, ಬಂತು. ಮಗ ಸೆಬಾಸ್ಟಿಯನ್ 2017ರಲ್ಲಿ ಆ ಸ್ಟಾರ್‌ಗಳ ಒತ್ತಡವೇ ಬೇಡ, ನಮ್ಮನ್ನ ಗೈಡಿಂದ ಬಿಡಿ ಅಂತ ಕೇಳ್ಕೊಂಡ್ರು, ಎಂಥ ಧೈರ್ಯ ನೋಡಿ! ಚಳಿಗಾಲದಲ್ಲಿ ಆ ರೆಸ್ಟೋರೆಂಟ್ ಮುಚ್ಚಿರತ್ತೆ, ನೀವು ಬೇಸಿಗೇಲಿ ಹೋಗೋದು ಒಳ್ಳೇದಾಯ್ತು.

ಆದ್ರೆ ಒಂದು, ಟೇಬಲ್ ಬುಕ್ ಮಾಡುವಾಗ್ಲೇ ಮಾಂಸ, ಮೀನು, ಮೊಟ್ಟೆ ಯಾವ್ದು ಬೇಡ ಅಂತ ಬರೆದು ತಿಳ್ಸಿ, ತರಕಾರಿ ತಟ್ಟೇಲೂ ಮಾಂಸದ ಸಾರೋ ಹ್ಯಾಮ್ ಚೂರೋ ಇರ್ಬಹುದು. ಅಲ್ಲಿನ ಹಳೇ ಪದ್ಧತಿಯ ಚೀಸ್‌ಗಳಲ್ಲಿ ಹೆಚ್ಚಿನವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ, ಅದೂ ಗೊತ್ತಿರ್ಲಿ. ಮಧ್ಯಾಹ್ನದ ಮೆನು ಎಷ್ಟೋ ಕಡೆ ರಾತ್ರಿಗಿಂತ ಅಗ್ಗ. ಸರ್ವಿಸ್ ಚಾರ್ಜ್ ಬೆಲೇಲೇ ಸೇರಿರತ್ತೆ, ಟಿಪ್ಸ್ ನಿಮ್ಮಿಷ್ಟ.