ಓದುಗರ ಪ್ರಶ್ನೆ: ಮಾಂಟೆ ಕಾರ್ಲೊ ಗೆದ್ದ ಕೆಂಪು ಮಿನಿ

ಪ್ರಶ್ನೆ: ನನ್ನ ಮಗನಿಗೆ ಹುಟ್ಟುಹಬ್ಬಕ್ಕೆ ಒಂದು ಮಾಡೆಲ್ ಕಾರು ಬಂದಿದೆ. ಕೆಂಪು ಮಿನಿ ಕೂಪರ್, ಮೇಲೆ ಬಿಳಿ ಬಣ್ಣ, ಬಾಗಿಲ ಮೇಲೆ 37, ನಂಬರ್ ಪ್ಲೇಟ್ 33 ಇಜೆಬಿ. ಡಬ್ಬಿಯ ಮೇಲೆ '1964ರ ಮಾಂಟೆ ಕಾರ್ಲೊ ವಿಜೇತ' ಎಂದಿದೆ. ನನ್ನ ಗೆಳೆಯನೊಬ್ಬ, 'ಜೋರಾಗಿ ಓಡಿದ್ದು ಫೋರ್ಡ್ ಕಾರು, ಮಿನಿ ಗೆದ್ದದ್ದು ಬರೀ ಲೆಕ್ಕದಲ್ಲಿ' ಅನ್ನುತ್ತಾನೆ. ನಿಜವೇ? ಈ ಕಾರು ಅದಕ್ಕೂ ಮೊದಲು ಎಲ್ಲಿ ಓಡಿತ್ತು, ಈಗ ಎಲ್ಲಿದೆ?

ಉತ್ತರ: ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಕಾರಿಗೆ ಅನ್ಯಾಯವಾಗುತ್ತದೆ. ಮಾಂಟೆ ಕಾರ್ಲೊ ಒಂದು ರ‍್ಯಾಲಿ, ಅಂದರೆ ರಸ್ತೆಗಳ ಮೇಲೆ ನಡೆಯುವ ಕಾರು ಸ್ಪರ್ಧೆ. ನಾನು ಹಲವು ವರ್ಷ ಇಂಥ ರ‍್ಯಾಲಿಗಳಲ್ಲಿ, ಡ್ರೈವರ್‌ಗೆ ದಾರಿ ಹೇಳುವ ನ್ಯಾವಿಗೇಟರ್ ಸೀಟಿನಲ್ಲಿ ಕೂತವನು. 33 ಇಜೆಬಿ ನನಗೆ ತುಂಬ ಇಷ್ಟದ ಕಾರು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪ್ಲೇಟಿನಿಂದಲೇ ಶುರು ಮಾಡೋಣ. 'ಜೆಬಿ' ಇಂಗ್ಲೆಂಡಿನ ಬರ್ಕ್‌ಷೈರ್ ಕೌಂಟಿಯ ನೋಂದಣಿ ಅಕ್ಷರ. ಆಬಿಂಗ್ಡನ್ ಊರು ಆಗ ಬರ್ಕ್‌ಷೈರ್‌ಗೆ ಸೇರಿತ್ತು. ಅಲ್ಲಿನ ಎಂಜಿ ಕಾರ್ಖಾನೆಯೊಳಗೆ ಮಿನಿ ತಯಾರಿಸುತ್ತಿದ್ದ ಬಿಎಂಸಿ ಕಂಪನಿಯ ಸ್ಪರ್ಧಾ ವಿಭಾಗ ಇತ್ತು. ಕಂಪನಿಯೇ ಸ್ಪರ್ಧೆಗೆಂದು ಸಿದ್ಧ ಮಾಡಿ, ತನ್ನದೇ ತಂಡದಿಂದ ಓಡಿಸುವ ಕಾರಿಗೆ ವರ್ಕ್ಸ್ ಕಾರು ಅನ್ನುತ್ತಾರೆ. 33 ಇಜೆಬಿ ಅಂಥದ್ದೇ ಒಂದು. ವಿಭಾಗದ ಮುಖ್ಯಸ್ಥ ಸ್ಟುವರ್ಟ್ ಟರ್ನರ್ ಸ್ವತಃ ನ್ಯಾವಿಗೇಟರ್ ಆಗಿದ್ದವರು. 1960ರಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು ಎರಿಕ್ ಕಾರ್ಲ್‌ಸನ್ ಸಾಬ್ ಕಾರಿನಲ್ಲಿ ಗೆದ್ದಾಗ ಪಕ್ಕದ ಸೀಟಿನಲ್ಲಿದ್ದವರು ಇವರೇ.

ಮಾಂಟೆ ಕಾರ್ಲೊಗೆ ನಾಲ್ಕು ತಿಂಗಳ ಮುಂಚೆ, 1963ರ ಸೆಪ್ಟೆಂಬರ್‌ನಲ್ಲಿ, ಇದೇ 33 ಇಜೆಬಿ ಫ್ರಾನ್ಸ್‌ನ ಟೂರ್ ಡಿ ಫ್ರಾನ್ಸ್ ಕಾರು ಸ್ಪರ್ಧೆಗೆ ಹೋಗಿತ್ತು. ಸೈಕಲ್ ರೇಸ್ ಅಲ್ಲ, ಹೆಸರು ಮಾತ್ರ ಅದೇ. ಒಂದು ದಿನದಲ್ಲಿ ಮುಗಿಯುವ ಓಟವೂ ಅಲ್ಲ. ರೇಸ್ ಟ್ರ್ಯಾಕುಗಳು, ಗುಡ್ಡ ಹತ್ತುವ ಓಟಗಳು, ನಡುವೆ ದಿನಗಟ್ಟಲೆ ರಸ್ತೆ ಪ್ರಯಾಣ. ಓಡಿಸಿದವರು ಬೆಲ್‌ಫಾಸ್ಟ್‌ನ ಪ್ಯಾಡಿ ಹಾಪ್‌ಕರ್ಕ್, ಪಕ್ಕದಲ್ಲಿ ಹೆನ್ರಿ ಲಿಡನ್. ಟೂರಿಂಗ್ ಕಾರುಗಳಲ್ಲಿ ಮೊದಲು ಬಂದದ್ದು 3.8 ಲೀಟರ್ ಇಂಜಿನ್ನಿನ ಜಾಗ್ವಾರ್. ಮಿನಿಯ ಇಂಜಿನ್ 1071 ಸಿಸಿ ಮಾತ್ರ. ಆದರೂ ಅದು ಮೂರನೆಯದಾಗಿ ಬಂತು, ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ, ಅಂದರೆ ಇಂಜಿನ್ ಗಾತ್ರ ನೋಡಿ ಸರಿದೂಗಿಸುವ ಲೆಕ್ಕದಲ್ಲಿ, ಮೊದಲ ಸ್ಥಾನವನ್ನೇ ಪಡೆಯಿತು. ನನ್ನ ಮಟ್ಟಿಗೆ ಮಾಂಟೆ ಕಾರ್ಲೊ ಗೆಲುವಿನ ಬೀಜ ಇಲ್ಲೇ ಬಿತ್ತು. ಅಷ್ಟು ದಿನ ಜಗ್ಗಿ ಓಡಿಸಿದರೂ ಆ ಪುಟ್ಟ ಇಂಜಿನ್ ತಾಳಿಕೊಂಡಿತು. ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ?

ಇನ್ನು 1964ರ ಜನವರಿ. ಅದು 33ನೇ ಮಾಂಟೆ ಕಾರ್ಲೊ ರ‍್ಯಾಲಿ. ಪ್ಲೇಟಿನ ಮೇಲೂ 33! ಎಲ್ಲರೂ ಒಂದೇ ಊರಿನಿಂದ ಹೊರಡುವ ಪದ್ಧತಿ ಆಗ ಇರಲಿಲ್ಲ. ಯುರೋಪಿನ ಬೇರೆ ಬೇರೆ ಊರುಗಳಿಂದ ಹೊರಟು, ಫ್ರಾನ್ಸ್‌ನ ರೀಮ್ಸ್‌ನಲ್ಲಿ ಸೇರಿ, ಅಲ್ಲಿಂದ ಆಲ್ಪ್ಸ್ ಗುಡ್ಡಗಳ ಕಡೆ ಹೋಗಬೇಕಿತ್ತು. ಹಾಪ್‌ಕರ್ಕ್ ಮತ್ತು ಲಿಡನ್ ಹೊರಟದ್ದು ಆಗಿನ ಸೋವಿಯತ್ ಒಕ್ಕೂಟದ ಮಿನ್ಸ್ಕ್‌ನಿಂದ. ಚಳಿಗಾಲದ ನಡುಮಧ್ಯ, ಹತ್ತಿಂಚಿನ ಚಕ್ರದ ಕಾರು.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಅವರು ಹೇಳುವ ಫೋರ್ಡ್ ಅಂದರೆ ಸ್ವೀಡನ್ನಿನ ಬೋ ಯುಂಗ್‌ಫೆಲ್ಟ್ ಓಡಿಸಿದ ಫಾಲ್ಕನ್. 4 ಲೀಟರಿಗೂ ಜಾಸ್ತಿಯ, ಎಂಟು ಸಿಲಿಂಡರಿನ ವಿ8 ಇಂಜಿನ್. ಗುಡ್ಡದ ಸ್ಟೇಜುಗಳಲ್ಲಿ, ಅಂದರೆ ಗಡಿಯಾರ ಹಿಡಿದು ಓಡಿಸುವ ರಸ್ತೆಯ ತುಣುಕುಗಳಲ್ಲಿ, ಅವರ ಸಮಯವೇ ಕಡಿಮೆ, ಅದು ನಿಜ. ಆದರೆ ಆ ಕಾಲದ ನಿಯಮದಲ್ಲಿ ಗಡಿಯಾರದ ಸಮಯವನ್ನು ಹಾಗೇ ತೆಗೆದುಕೊಳ್ಳುತ್ತಿರಲಿಲ್ಲ. ಇಂಜಿನ್ ಗಾತ್ರ, ಕಾರಿನ ವರ್ಗ ನೋಡಿ ಒಂದು ಅಂಕಿಯಿಂದ ಗುಣಿಸುತ್ತಿದ್ದರು. ದೊಡ್ಡ ಇಂಜಿನ್ನಿಗೆ ದೊಡ್ಡ ಹೊರೆ. ಈ ಅಂಕಿ ರ‍್ಯಾಲಿ ಮುಗಿದ ಮೇಲೆ ಹುಟ್ಟಿದ್ದಲ್ಲ, ಹೊರಡುವ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಫೋರ್ಡ್‌ನವರು ವಿ8 ತಂದರು. ಮಿನಿ ತಂದವರು ಆ ನಿಯಮಕ್ಕೆ ಸರಿಹೋಗುವ ಕಾರು ಕಟ್ಟಿದ್ದರು. ಇದರಲ್ಲಿ ಮೋಸ ಎಲ್ಲಿದೆ?

ಇನ್ನೊಂದು ಮಾತು. ಹ್ಯಾಂಡಿಕ್ಯಾಪ್ ಸಿಕ್ಕಿತೆಂದು ನಿಧಾನವಾಗಿ ಬಂದರೆ ಯಾರೂ ಗೆಲ್ಲುವುದಿಲ್ಲ. ಅಷ್ಟು ದೊಡ್ಡ ಕಾರಿನಿಂದ ದೂರವಾಗದೆ ಅಂಟಿಕೊಂಡು ಬರಬೇಕು, ಅದೂ ಮಂಜುಗಡ್ಡೆಯ ಮೇಲೆ. ಮಿನಿಯಲ್ಲಿ ಇಂಜಿನ್ ಅಡ್ಡಕ್ಕೆ ಕೂತಿದೆ, ಅದರ ಭಾರ ಓಡಿಸುವ ಮುಂದಿನ ಚಕ್ರಗಳ ಮೇಲೇ ಬೀಳುತ್ತದೆ. ಜಾರುವ ರಸ್ತೆಯಲ್ಲಿ ಹಿಡಿತ ಸಿಗುವುದು ಅದರಿಂದ. ಜೊತೆಗೆ ಮುಂದೆ ಡಿಸ್ಕ್ ಬ್ರೇಕ್, ಸ್ಪ್ರಿಂಗ್ ಬದಲು ರಬ್ಬರ್ ಕೋನ್ ಸಸ್ಪೆನ್ಷನ್.

ಆದರೆ ಅದೇ ಗುಣ ಲಿಡನ್‌ಗೆ ಒಂದು ತಲೆನೋವು ಕೂಡ. ನ್ಯಾವಿಗೇಟರ್ ಮುಂದೆ ಹಾಲ್ಡಾ ಎಂಬ ದೂರಮಾಪಕ ಇರುತ್ತದೆ. ಮೈಲಿಯ ನೂರನೇ ಒಂದು ಭಾಗದವರೆಗೂ ಓದಬಹುದಾದ ಯಂತ್ರ. ಟೈರ್ ಗಾತ್ರಕ್ಕೆ ತಕ್ಕ ಹಾಗೆ ಅದರೊಳಗಿನ ಪುಟ್ಟ ಹಲ್ಲಿನ ಚಕ್ರಗಳನ್ನು ಬದಲಿಸಿಕೊಳ್ಳಬೇಕು. ಅದಕ್ಕೆ ಲೆಕ್ಕ ಹೋಗುವುದು ಮಿನಿಯ ಮುಂದಿನ ಚಕ್ರಗಳ ಕಡೆಯಿಂದ. ಮಂಜಿನಲ್ಲಿ ಆ ಚಕ್ರಗಳು ನಿಂತಲ್ಲೇ ಗರಗರ ತಿರುಗಿದರೆ, ಕಾರು ಹತ್ತು ಅಡಿ ಹೋಗಿದ್ದರೂ ಹಾಲ್ಡಾ ಸುಮ್ನೆ ಜಾಸ್ತಿ ತೋರಿಸುತ್ತದೆ. ನಾನೂ ಇದನ್ನು ಅನುಭವಿಸಿದ್ದೇನೆ. ತಿರುವು ಬರಬೇಕಾದ ಅಂಕಿ ದಾಟಿತು, ತಿರುವೇ ಇಲ್ಲ, ಡ್ರೈವರ್ ನಿಮ್ಮ ಬಾಯಿಯನ್ನೇ ಕಾಯುತ್ತಿದ್ದಾನೆ. ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಗೊತ್ತಿರುವ ಸೇತುವೆಯೋ ಕೂಡುರಸ್ತೆಯೋ ಸಿಕ್ಕಿದ ಕೂಡಲೇ ಅಂಕಿ ಸರಿಮಾಡಿಕೊಂಡು ಮತ್ತೆ ಓದಬೇಕು. ಲಿಡನ್ ಇಂಥ ಕೆಲಸದಲ್ಲಿ ಗಟ್ಟಿಗರು. ಮೂರು ವರ್ಷದ ನಂತರ ರೌನೊ ಆಲ್ಟೊನೆನ್ ಜೊತೆ ಕೂತು ಇದೇ ರ‍್ಯಾಲಿಯನ್ನು ಮತ್ತೊಮ್ಮೆ ಗೆದ್ದರು. ಹೆಸರು ಮಾತ್ರ ಯಾವಾಗಲೂ ಡ್ರೈವರನದೇ ದೊಡ್ಡದಾಗಿ ಬರುತ್ತದೆ. ನನಗೆ ಅದು ಇಂದಿಗೂ ಬೇಸರ.

ಕೊನೆಗೆ ಮೊನಾಕೊ ಗ್ರ್ಯಾನ್ ಪ್ರಿ ಟ್ರ್ಯಾಕಿನ ಸುತ್ತುಗಳು. ಅಲ್ಲಿ ವಿ8ಗೆ ಓಡಲು ಜಾಗ ಇತ್ತು. ಆದರೂ ಹಾಪ್‌ಕರ್ಕ್ ಮುನ್ನಡೆ ಬಿಟ್ಟುಕೊಡಲಿಲ್ಲ. ಯುಂಗ್‌ಫೆಲ್ಟ್ ಎರಡನೆಯವರು, ಸಾಬ್‌ನಲ್ಲಿ ಕಾರ್ಲ್‌ಸನ್ ಮೂರನೆಯವರು. ತಂಡದ ಇನ್ನೆರಡು ಮಿನಿಗಳಲ್ಲಿ ಟಿಮೊ ಮ್ಯಾಕಿನೆನ್ ನಾಲ್ಕನೆಯ, ಆಲ್ಟೊನೆನ್ ಏಳನೆಯ ಸ್ಥಾನಕ್ಕೆ ಬಂದರು. ಒಂದೇ ಕಾರಿನ ಅದೃಷ್ಟ ಅನ್ನುವವರು ಈ ಪಟ್ಟಿ ನೋಡಬೇಕು.

ಗೆದ್ದ ಮೇಲೆ ಲಂಡನ್ ಪಲೇಡಿಯಂ ರಂಗಮಂದಿರದ ಟಿವಿ ಕಾರ್ಯಕ್ರಮದಲ್ಲಿ ಕಾರನ್ನೇ ವೇದಿಕೆಗೆ ತಂದರು. ಬೀಟಲ್ಸ್ ತಂಡದವರು ಹಾಪ್‌ಕರ್ಕ್‌ಗೆ ಸಹಿ ಹಾಕಿದ ಫೋಟೊ ಕಳಿಸಿದರು. ಈಗ ಕಾರು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನಾನು ಹೋಗಿ ನೋಡಿದ್ದೇನೆ. ಪಕ್ಕದಲ್ಲಿ ನಿಂತರೆ ಟೈರಿನ ಮೇಲಂಚು ನನ್ನ ಮೊಣಕಾಲ ಹತ್ತಿರ ಬಂತು. ಅಷ್ಟೇ ಎತ್ತರ! ಮಿನ್ಸ್ಕ್‌ನಿಂದ ಮೊನಾಕೊವರೆಗೆ ಇದರ ಮೇಲೆ ಇಬ್ಬರು ಬಂದರಲ್ಲ ಎಂದು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಪ್ರಶ್ನೆ: 33 ಇಜೆಬಿ, ಎಜೆಬಿ 44ಬಿ, ಎಲ್‌ಬಿಎಲ್ 6ಡಿ ಎಂದು ಮೂರು ಮಿನಿಗಳ ಫೋಟೊ ನೋಡಿದೆ. ಒಂದೇ ಕಾರಿಗೆ ಪ್ಲೇಟ್ ಬದಲಿಸಿದ್ದಾ?

ಉತ್ತರ: ಅಲ್ಲ, ಮೂರೂ ಬೇರೆ ಕಾರುಗಳು, ಮೂರೂ ಮಾಂಟೆ ಕಾರ್ಲೊ ಗೆದ್ದವು. 1964, 1965, 1967. ಆಮೇಲಿನ ಎರಡು ಪ್ಲೇಟುಗಳಲ್ಲಿ ಕೊನೆಯ ಅಕ್ಷರ ನೋಂದಣಿಯ ವರ್ಷ ಹೇಳುತ್ತದೆ. 'ಬಿ' ಅಂದರೆ 1964, 'ಡಿ' ಅಂದರೆ 1966. 1965ರಲ್ಲಿ ಎಜೆಬಿ 44ಬಿ ಓಡಿಸಿದವರು ಮ್ಯಾಕಿನೆನ್, ಜೊತೆಗೆ ಪಾಲ್ ಈಸ್ಟರ್. ಆ ವರ್ಷ ಭಾರೀ ಹಿಮಗಾಳಿ. ಹೊರಟ 237 ಕಾರುಗಳಲ್ಲಿ ಮಾಂಟೆ ಕಾರ್ಲೊ ಮುಟ್ಟಿದ್ದು 35. ರಸ್ತೆಯಲ್ಲಿ ಒಂದು ದಂಡದ ಅಂಕವೂ ಇಲ್ಲದೆ ಬಂದದ್ದು ಇದೊಂದೇ.

ನಡುವೆ 1966 ಬಿಟ್ಟುಹೋಗಿದೆ, ಅಲ್ವಾ? ಆ ವರ್ಷವೂ ಮೊದಲ ಮೂರು ಸ್ಥಾನ ಮಿನಿಗಳದೇ. ಮ್ಯಾಕಿನೆನ್ ಓಡಿಸಿದ ಜಿಆರ್‌ಎಕ್ಸ್ 555ಡಿ ಮುಂದಿತ್ತು. ಹೆಡ್‌ಲೈಟ್‌ನಲ್ಲಿ ಒಂದೇ ತಂತಿಯ ಬಲ್ಬ್ ಇದೆ, ಡಿಪ್ ಆಗುವುದಿಲ್ಲ ಎಂದು ಮೂರನ್ನೂ ಅನರ್ಹ ಮಾಡಿದರು. ಗೆಲುವು ಸಿಟ್ರೊಯೆನ್ ಓಡಿಸಿದ ಪೌಲಿ ಟೊಯ್ವೊನೆನ್‌ಗೆ ಹೋಯಿತು. ನಿಮ್ಮ ಫೋಟೊದಲ್ಲಿ ಮೂರರ ಬದಲು ನಾಲ್ಕು ಕಾರು ಇರಬೇಕಿತ್ತು ಎಂದೇ ನಾನು ಈಗಲೂ ಅನ್ನುತ್ತೇನೆ.